ಸದರಿ ಹೆಸರಿನ ಆಸಾಮಿ

ಶಾನುಭೋಗ ಬರೆದದ್ದು ಒಂದೇ ಸಾಲು. ‘ಸದರಿ ಹೆಸರಿನ ಆಸಾಮಿ ಈ ಗ್ರಾಮದಲ್ಲಿ ಇರುವುದಿಲ್ಲ.’

ಆ ಸಾಲಿನ ಮಸಿ ಆರುವ ಹೊತ್ತಿಗೆ ಸದರಿ ಹೆಸರಿನ ಆಸಾಮಿ ಶಾನುಭೋಗನ ಜಗಲಿಯ ಕೆಳಗೆ, ಮೂರು ಮಾರು ಆಚೆ, ಬರಿಗಾಲಲ್ಲಿ ನಿಂತಿದ್ದ. ನೆತ್ತಿ ಸುಡುತ್ತಿತ್ತು, ಅಂಗಾಲು ಸುಡುತ್ತಿತ್ತು. ಬೆಳಿಗ್ಗೆ ಬಂದವನನ್ನು ಮಧ್ಯಾಹ್ನ ತಿರುಗುವವರೆಗೆ ನಿಲ್ಲಿಸಿಕೊಂಡಿದ್ದರು. ಇಲ್ಲ ಅಂತ ಬರೆಯುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕಿತ್ತೋ, ಇಲ್ಲದವನನ್ನು ಕಾಯಿಸುವುದು ಹೆಂಗೋ, ಅದು ಗೌಜಲದಿನ್ನೆಯ ಶಾನುಭೋಗನಿಗೇ ಗೊತ್ತು.

ಗೌಜಲದಿನ್ನೆ ಇರುವುದು ಶಿರಾದಿಂದ ಪಾವಗಡಕ್ಕೆ ಹೋಗುವ ಗಾಡಿದಾರಿಯಲ್ಲಿ. ಕಲ್ಲು, ಜಾಲಿ, ಮೂರು ವರ್ಷದಿಂದ ನೀರು ಕಾಣದ ಕೆರೆ. ಅಲ್ಲಿಂದ ಮೂಡಲಿಗೆ ನಡೆದರೆ ಮಾತು ತೆಲುಗಾಗುತ್ತದೆ. ಅಂಥ ಊರಲ್ಲಿ, ನಲವತ್ತೇಳನೇ ಇಸವಿ ಬೇಸಿಗೆಯಲ್ಲಿ, ಕೇರಿಯ ಮೂಡಲಗಿರಿಯಪ್ಪ ಒಂದು ವಿಮಾನ ಮಾಡಿ ನಿಲ್ಲಿಸಿದ್ದ. ನಗಬೇಡಿ. ಊರವರು ನಕ್ಕಿದ್ದೇ ಸಾಕಾಗಿತ್ತು. ಒಂದೇ ಸೀಟಿನ ಪುಟ್ಟ ವಿಮಾನ, ಎರಡು ರೆಕ್ಕೆ, ಮೂತಿಗೆ ಮರದ ಪಂಖ, ಹೊಟ್ಟೆಯಲ್ಲಿ ನಿಜವಾದ ಎಂಜಿನ್ನು.

ಆದರೆ ವಿಮಾನ ಮಾಡಿದರೆ ಆಗಲಿಲ್ಲ. ಕಾಯ್ದೆ ಇತ್ತು. ಸರ್ಕಾರದ ರಿಜಿಸ್ಟರಿನಲ್ಲಿ ಯಂತ್ರ ದಾಖಲಾಗಬೇಕು, ಮಾಲೀಕನ ಹೆಸರು ನಮೂದಾಗಬೇಕು, ನಂಬರು ಬರಬೇಕು. ನಂಬರಿಲ್ಲದ ವಿಮಾನ ನೆಲ ಬಿಟ್ಟು ಮೊಳದುದ್ದ ಎದ್ದರೂ ಅಪರಾಧ. ಬೆಂಗಳೂರಿನ ಒಬ್ಬ ಪೈಲಟ್ ದೊರೆ ಮಾತು ಕೊಟ್ಟಿದ್ದ: ನಂಬರು ಬರಲಿ, ನಾನೇ ಬಂದು ಹಾರಿಸುತ್ತೇನೆ, ನಿನಗೂ ಕಲಿಸುತ್ತೇನೆ. ಅದಕ್ಕೇ ಮೂಡಲಗಿರಿಯಪ್ಪ ಅರ್ಜಿ ಹಾಕಿದ್ದ. ಅರ್ಜಿ ದಿಲ್ಲಿಗೆ ಹೋಗಿ, ದಿಲ್ಲಿಯಿಂದ ಮೈಸೂರಿಗೆ ಬಂದು, ಮೈಸೂರಿನಿಂದ ತಾಲ್ಲೂಕಿಗೆ ಇಳಿದು, ಕೊನೆಗೆ ಶಾನುಭೋಗನ ಮೊಣಕಾಲ ಮೇಲೆ ಕೂತಿತ್ತು. ‘ಮೂಡಲಗಿರಿಯಪ್ಪ ಎಂಬುವರು ತಾವೇ ತಯಾರಿಸಿದ ವಿಮಾನದ ಬಗ್ಗೆ ಅರ್ಜಿ ಸಲ್ಲಿಸಿರುತ್ತಾರೆ. ಸದರಿಯವರು ನಿಮ್ಮ ಗ್ರಾಮದ ವಾಸಿಯೇ, ಯಂತ್ರ ಅವರ ಸ್ವಂತದ್ದೇ, ವಿಚಾರಿಸಿ ತಿಳಿಸತಕ್ಕದ್ದು.’

ಎಂಬುವರು. ಸದರಿಯವರು. ಶಾನುಭೋಗನಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಯಿತು. ಅವನು ಮೀನು ತಿನ್ನುವವನಲ್ಲ, ಆ ಮಾತು ಬೇರೆ.

ಅವನ ವಹಿಯಲ್ಲಿ ಇದ್ದದ್ದು ‘ಮೂಡ್ಲ ಬಿನ್ ಕೆಂಚ’. ಅಪ್ಪ ಇಲ್ಲ. ಆ ಊರಿನ ಕಟ್ಟಳೆ ಅದು. ಕೇರಿಯವರ ಹೆಸರಿಗೆ ಅಪ್ಪ, ಅಯ್ಯ, ಅಣ್ಣ ಯಾವುದೂ ಹತ್ತಬಾರದು. ತಾಯಿ ಏನಾದರೂ ಇಟ್ಟುಕೊಳ್ಳಲಿ, ಊರಿನ ಬಾಯಿಗೆ ಬರುವಾಗ ಬಾಲ ಕತ್ತರಿಸಿಕೊಂಡೇ ಬರಬೇಕು. ಇವನ ತಾಯಿ ಮೂಡಲಗಿರಿ ತಿಮ್ಮಪ್ಪನಿಗೆ ಹರಕೆ ಹೊತ್ತು ಹೆತ್ತವಳು. ಹೆಸರು ಪೂರ್ತಿ ಇಟ್ಟಳು, ಕೇರಿಯೊಳಗೆ ಪೂರ್ತಿ ಕರೆದಳು. ಊರಿಗೆ ಅವನು ಮೂಡ್ಲ. ಯುದ್ಧದ ಕಾಲಕ್ಕೆ ಬೆಂಗಳೂರಿಗೆ ಹೋಗಿ ವಿಮಾನ ದುರಸ್ತಿ ಮಾಡುವ ಕಾರ್ಖಾನೆ ಸೇರಿದಾಗ ಹಾಜರಿ ಬರೆಯುವವನು ಹೆಸರು ಕೇಳಿದ. ಮೂಡ್ಲ ಅಂದ. ಅಷ್ಟೇನಾ ಅಂದ ಅವನು. ಅಲ್ಲಿಯವರೆಗೂ ಯಾರೂ ಅಷ್ಟೇನಾ ಅಂತ ಕೇಳಿರಲಿಲ್ಲ. ತಾಯಿ ಇಟ್ಟದ್ದನ್ನು ಹೇಳಿದ. ನಾಲ್ಕು ವರ್ಷ ಅದೇ ಹೆಸರು ನಡೆಯಿತು. ಕೆಲಸದಿಂದ ಬಿಡುಗಡೆಯಾದ ಪತ್ರದಲ್ಲಿ, ಯುದ್ಧದ ಹಳೇ ಸಾಮಾನಿನ ಹರಾಜಿನಲ್ಲಿ ಎಂಜಿನ್ನು ಕೊಂಡ ರಶೀದಿಯಲ್ಲಿ, ಎರಡರಲ್ಲೂ ಪೂರ್ತಿ ಹೆಸರು ಇತ್ತು. ಈಗ ಮೂಡ್ಲ ಅಂತ ಅರ್ಜಿ ಹಾಕಿದರೆ ಎಂಜಿನ್ನು ಅವನದ್ದಲ್ಲ. ಮೂಡಲಗಿರಿಯಪ್ಪ ಅಂತ ಹಾಕಿದರೆ ಅವನೇ ಇಲ್ಲ. ಹಗ್ಗ ಹೆಂಗೆ ಹೊಸೆದಿದ್ದರು ನೋಡಿ.

ಕಾರ್ಖಾನೆಯಲ್ಲಿ ಅವನ ಕೆಲಸ ರೆಕ್ಕೆ ಹೊಲಿಯುವುದು. ಮರದ ಪಕ್ಕೆಲುಬಿನ ಮೇಲೆ ಬಟ್ಟೆ ಬಿಗಿದು, ಬಟ್ಟೆಯನ್ನು ಪಕ್ಕೆಲುಬಿಗೆ ಹೊಲಿಗೆ ಹಾಕಿ ಕಚ್ಚಿಸಬೇಕು. ಹಾರುವಾಗ ಒಂದು ಗಂಟು ಬಿಟ್ಟರೆ ಬಟ್ಟೆ ಹರಿದು ಆಳು ಸತ್ತ. ಮೇಣ ತೀಡಿದ ದಾರ, ಎರಡು ದಬ್ಬಳ, ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು, ಒಂದೇ ತೂತಿನಲ್ಲಿ ಎದುರಾಬದುರಾ ಎಳೆದು ಬಿಗಿಯುವ ಹೊಲಿಗೆ. ಅದು ಅವನು ಅಪ್ಪನಿಂದ ಕಲಿತ ಮೆಟ್ಟಿನ ಹೊಲಿಗೆ. ಮೇಸ್ತ್ರಿಗಳು ಚಾಕು ತಂದು ಒಂದು ಕಡೆ ಕುಯ್ದು ನೋಡಿದರು. ಪಕ್ಕದ ಗಂಟು ಜಪ್ಪಯ್ಯ ಅನ್ನಲಿಲ್ಲ. ಅವತ್ತಿನಿಂದ ಅವನ ಮೇಜಿಗೆ ಆರು ಜನ ಕಲಿಯಲು ಬಂದರು.

ಒಮ್ಮೆ ಪರೀಕ್ಷೆಗೆ ಹಾರುವ ವಿಮಾನದಲ್ಲಿ ಹಿಂದಿನ ಸೀಟಿಗೆ ಮರಳಿನ ಮೂಟೆ ಇಡಬೇಕಿತ್ತು. ಮೂಟೆ ಹರಿದಿತ್ತು. ಮೂಟೆಯ ಬದಲಿಗೆ ಇವನನ್ನು ಕೂರಿಸಿದರು. ಮೇಲಿಂದ ನೋಡಿದರೆ ಊರು ಯಾವುದು ಕೇರಿ ಯಾವುದು ಗೊತ್ತೇ ಆಗುವುದಿಲ್ಲ ಅಂತ ಚಂದಾಗಿ ಹೇಳುವವರಿದ್ದಾರೆ. ಸುಳ್ಳು. ಚೆನ್ನಾಗಿ ಗೊತ್ತಾಗುತ್ತದೆ. ಕೆಳಗೆ ಹಾದ ಪ್ರತಿ ಊರಿಗೂ ಬಾವಿ ಇತ್ತು, ಅದರ ಕೇರಿಗೆ ಇರಲಿಲ್ಲ. ಮೂಡಲಗಿರಿಯಪ್ಪ ಅದನ್ನು ಎರಡು ಸಾವಿರ ಅಡಿ ಮೇಲಿನಿಂದ ಕಣ್ಣಾರೆ ನೋಡಿಬಂದ. ಇಳಿಯುವಾಗಲೇ ತೀರ್ಮಾನಿಸಿದ, ಮೂಟೆಯಾಗಿ ಇನ್ನು ಹತ್ತುವುದಿಲ್ಲ, ಹತ್ತಿದರೆ ತನ್ನದೇ ಯಂತ್ರ ಹತ್ತುತ್ತೇನೆ ಅಂತ.

ಯುದ್ಧ ಮುಗಿದು ಕೆಲಸ ಹೋದ ಮೇಲೆ ಊರಿಗೆ ಬಂದು ಕೆರೆಯಂಗಳದ ಅಂಚಿನಲ್ಲಿ ಎತ್ತರದ ಗುಡಿಸಲು ಹಾಕಿದ. ಅದು ಹಿಂದೆ ತೊಗಲು ಹದಮಾಡುತ್ತಿದ್ದ ಜಾಗ. ನಾತಕ್ಕೆ ಹೆದರಿ ಊರಿನ ಒಬ್ಬ ನರಪಿಳ್ಳೆಯೂ ಆ ಕಡೆ ಸುಳಿಯುತ್ತಿರಲಿಲ್ಲ. ಹೆಂಡತಿ ಹನುಮಕ್ಕ, ಪಾವಗಡದ ಕಡೆಯವಳು, ಅವನ ಎದುರು ಕೂತು ಎರಡನೇ ದಬ್ಬಳ ಎಳೆದಳು. ಕಂಬಳಿ ನೇಯುವವರು ಹಚ್ಚುವ ಹುಣಸೆಬೀಜದ ಸರಿಯನ್ನು ಬೇಯಿಸಿ, ಬಟ್ಟೆಗೆ ಐದು ಸಲ ಬಳಿದು, ಬಿಸಿಲಿಗೆ ಬಿಗಿ ಮಾಡಿದಳು. ಅವಳ ಬೆರಳ ತುದಿಗಳು ದಾರಕ್ಕೆ ಕುಯ್ದು ಗಾಯವಾಗಿದ್ದವು. ಎಂಜಿನ್ನನ್ನು ಶಿರಾದಿಂದ ಗಾಡಿಯಲ್ಲಿ ತಂದುಕೊಟ್ಟವನು ನಬೀ ಸಾಬ್, ತಗಡು ಹಿತ್ತಾಳೆ ಕೆಲಸದವನು. ಒಂದೂವರೆ ವರ್ಷ ಮೈ ಮುರಿದರು.

ಶಾನುಭೋಗ ಆ ಸಾಲು ಬರೆದ ಮಾರನೇ ದಿನ ಪಟೇಲ ಶಂಕರಲಿಂಗಪ್ಪ ಹೇಳಿಕಳಿಸಿದ. ಚಾವಡಿಯಲ್ಲಿ ಅವನು, ಅವನ ಭಾವಮೈದ ನಂದೀಶ್ವರಯ್ಯ, ನಾಲ್ಕು ಆಳು. ಪಟೇಲ ಮೊದಲು ಮೆತ್ತಗೇ ಮಾತಾಡಿದ. ದಿಲ್ಲಿಯ ಕಾಗದ ಓದಿಸಿಕೊಂಡು ಅವನಿಗೆ ಆಸೆ ಹುಟ್ಟಿತ್ತು. ಸೀಮೆಗೇ ಇಲ್ಲದ ವಿಮಾನ, ಅರಮನೆಯವರೆಗೆ ಮುಟ್ಟುವ ಹೆಸರು. ಯಂತ್ರ ನೀನೇ ಇಟ್ಟುಕೋ, ನೀನೇ ಒರೆಸು, ನೀನೇ ಎಣ್ಣೆ ಬಿಡು, ರಿಜಿಸ್ಟರಿನಲ್ಲಿ ಹೆಸರು ಮಾತ್ರ ನನ್ನದಿರಲಿ ಅಂದ. ಕೆರೆ ನನ್ನ ಹುಕುಮಿನದು, ಅದರಲ್ಲಿ ನಿಂತದ್ದೂ ನನ್ನದೇ ಅಂದ.

ಮೂಡಲಗಿರಿಯಪ್ಪ ಆಗಲ್ಲ ಅಂದ. ಬುದ್ಧಿ ಅನ್ನಲಿಲ್ಲ, ಸ್ವಾಮಿ ಅನ್ನಲಿಲ್ಲ. ಬರೀ ಆಗಲ್ಲ ಅಂದ. ನನ್ನ ಹೆಸರು ಇರೋ ಹಂಗೆ ಬರೆಸಿಕೊಡಿ, ಬೇರೇನೂ ಬೇಡ ಅಂದ.

“ನಿನ್ನ ಹೆಸ್ರು ಇರೋ ಹಂಗೆ ಕರದ್ರೆ ಕೊನೇಲಿ ಅಪ್ಪ ಅನ್ಬೇಕು ಕಣ್ಲಾ,” ಅಂದ ಪಟೇಲ. “ನಿನ್ನ ನಾನು ಅಪ್ಪ ಅನ್ಬೇಕೇನ್ಲಾ?”

“ನಾನು ಹುಟ್ದಾಗಿಂದ ನಿಮ್ಮ ಹೆಸ್ರಿಗೆ ಅಪ್ಪ ಸೇರ್ಸಿ ಅಂದಿವ್ನಿ. ಅಷ್ಟುಕ್ಕೇ ನೀವು ನಂಗೆ ಅಪ್ಪ ಆಗ್ಬುಟ್ರಾ?”

ಪಟೇಲ ಆಳುಗಳ ಕಡೆ ಕಣ್ಣು ಹೊರಳಿಸಿದ. ಆಮೇಲೆ ನಾಲ್ಕು ಆಳು ಅವನನ್ನು ಕೆಡವಿ ಕೈಕಾಲು ಒತ್ತಿ ಹಿಡಿದರು. ನಂದೀಶ್ವರಯ್ಯ ತನ್ನ ಕಾಲಿನ ಮೆಟ್ಟು ತೆಗೆದ. ಆ ಮೆಟ್ಟು ಮೂಡಲಗಿರಿಯಪ್ಪನೇ ಹೊಲಿದದ್ದು. ಊರಿಗೆ ಬಂದ ಹೊಸದರಲ್ಲಿ ಬಿಟ್ಟಿಗೆ ಹೊಲಿದುಕೊಟ್ಟ ಕೊನೇ ಜೋಡಿ. ಮೂರು ಪದರ ಎಮ್ಮೆ ತೊಗಲು. ಮೊದಲ ಏಟು ಕೆನ್ನೆಗೆ, ಎರಡನೆಯದು ಬಾಯಿಗೆ. ಹಲ್ಲು ತುಟಿಯೊಳಗೆ ನೆಟ್ಟಿತು. ಆಮೇಲಿನವು ಕಿವಿ, ಕುತ್ತಿಗೆ, ಬೆನ್ನು. ಏಟು ಎಣಿಸುವ ಸ್ಥಿತಿ ಇರಲಿಲ್ಲ. ಆದರೂ ಹೊಲಿಯುವವನ ಬುದ್ಧಿ ಎಲ್ಲಿ ಹೋಗುತ್ತೆ? ಕಣ್ಣಿಗೆ ರಕ್ತ ಇಳಿಯುವಾಗಲೂ ಅಟ್ಟೆಯ ಅಂಚು ನೋಡಿದ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಅವನಿಗೆ ಅಳು ಬಂದದ್ದು ಆಗ.

ಆ ಗಾಯ ಮಾಯುವಷ್ಟರಲ್ಲಿ ಪಟೇಲ ತಾನೇ ಅರ್ಜಿ ಹಾಕಿಯಾಗಿತ್ತು. ಯಂತ್ರ ತನ್ನದು, ತನ್ನ ಕೆರೆಯಲ್ಲಿ ತನ್ನ ಆಳು ಮೂಡ್ಲನಿಂದ ಮಾಡಿಸಿದ್ದು. ಶಾನುಭೋಗ ಕೆಳಗೆ ಹೌದು ಅಂತ ರುಜು ಹಾಕಿದ. ಈ ಕಾಗದಕ್ಕೆ ತಡವಾಗಲಿಲ್ಲ. ಗುರುವಾರ ಬೆಳಿಗ್ಗೆ ವಿಮಾನ ಇಲಾಖೆಯ ಇನ್ಸ್‌ಪೆಕ್ಟರು ಬಂದು ನೋಡಿ, ಸರಿಯಿದ್ದರೆ ನಂಬರು ಕೊಡಿಸುತ್ತಾನೆ ಅಂತ ಉತ್ತರ ಬಂತು. ತಳವಾರ ತಮಟೆ ಬಾರಿಸಿಕೊಂಡು ಸಾರಿದ: ಪಟೇಲರ ವಿಮಾನ ನೋಡಲು ದೊಡ್ಡ ಸಾಹೇಬರು ಬರುತ್ತಾರೆ, ಕೇರಿಯವರೆಲ್ಲ ಬಂದು ಕೆರೆಯಂಗಳ ಹಸನು ಮಾಡಬೇಕು. ಬರದಿದ್ದರೆ ಕೆರೆಯಲ್ಲಿ ಕೇರಿಯವರು ತೋಡಿಕೊಂಡಿರುವ ನೀರಿನ ಗುಂಡಿ ಮುಚ್ಚಿಸಲಾಗುತ್ತದೆ.

ಮೂರು ದಿನ ಕೆಲಸ. ವಿಮಾನ ಓಡುವ ದಾರಿಗೆ ಎಂಟುನೂರು ಗಜ ಉದ್ದ, ನಲವತ್ತು ಗಜ ಅಗಲ. ಕಲ್ಲು ಆಯಬೇಕು, ಜಾಲಿಯ ಬುಡ ಕೀಳಬೇಕು, ಬಿರುಕು ಬಿಟ್ಟ ನೆಲಕ್ಕೆ ಮಣ್ಣು ಹೊತ್ತು ತುಂಬಿ ದಿಮ್ಮಸು ಹಾಕಬೇಕು. ಹೆಂಗಸರು ಬುಟ್ಟಿ ಹೊತ್ತರು. ಮುದುಕರು ಮುಳ್ಳು ಎಳೆದರು. ನಿಂತು ಬೆನ್ನು ನೆಟ್ಟಗೆ ಮಾಡಿದವರ ಕಾಲಿಗೆ ನಂದೀಶ್ವರಯ್ಯ ಬಾರುಕೋಲು ಬೀಸಿದ. ಮೂಡಲಗಿರಿಯಪ್ಪನೂ ಹೊತ್ತ. ತನ್ನ ವಿಮಾನಕ್ಕೆ ತಾನೇ ಬಿಟ್ಟಿ ಮಾಡಿದ, ನೀರಿನ ಗುಂಡಿಗೋಸ್ಕರ. ಅವನ ಚಿಕ್ಕಪ್ಪ, ಹೊತ್ತು ಹೊತ್ತು ಕೆಮ್ಮುತ್ತಿದ್ದ ಮುದುಕ, ಪಕ್ಕಕ್ಕೆ ಬಂದು ಹೆಸರು ತಾನೇ, ಬುಟ್ಬುಡು ಮಗ, ಹೆಸರು ಉಂಡು ಬದುಕೋಕಾಗುತ್ತಾ ಅಂದ. ಮೆಟ್ಟಿನ ಏಟಿಗಿಂತ ಅದು ಜಾಸ್ತಿ ನೋಯಿತು. ಮುದುಕನ ಮೇಲೆ ಸಿಟ್ಟು ಬರಲಿಲ್ಲ. ಮುದುಕನಿಗೆ ಹಾಗೆ ಹೇಳಲು ಕಲಿಸಿದವರ ಮೇಲೆ ಬಂತು.

ಬುಧವಾರ ನಬೀ ಸಾಬ್ ಬಂದ. ಅವನು ಕಾಯ್ದೆ ಪುಸ್ತಕವನ್ನು ಶಿರಾದಲ್ಲಿ ಒಬ್ಬ ವಕೀಲರಿಂದ ಓದಿಸಿ ಕೇಳಿಕೊಂಡಿದ್ದ. ಮಾಲೀಕನ ಹೆಸರನ್ನು ಲೋಹದ ಹಲಗೆಯಲ್ಲಿ ಕೆತ್ತಿ ವಿಮಾನಕ್ಕೆ ಬಡಿದಿರಬೇಕು, ಬೆಂಕಿ ಬಿದ್ದರೂ ಯಾರದು ಅಂತ ತಿಳಿಯಬೇಕು, ಹಾಗಂತ ಕಾಯ್ದೆ. ಅಂಗೈಯಗಲ ಹಿತ್ತಾಳೆಯಲ್ಲಿ ಕೆತ್ತಿ ತಂದಿದ್ದ: ಮೂಡಲಗಿರಿಯಪ್ಪ, ಗೌಜಲದಿನ್ನೆ. ರಶೀದಿ ಮತ್ತು ಕಾರ್ಖಾನೆ ಪತ್ರ ಜೋಪಾನಕ್ಕೆ ಅಂತ ಅವನ ಪೆಟ್ಟಿಗೆಯಲ್ಲೇ ಇದ್ದವು. ನಾಳೆ ಶಿರಾದಿಂದ ಇನ್ಸ್‌ಪೆಕ್ಟರ ಕಾರಿಗೆ ದಾರಿ ತೋರಿಸಲು ತಾನೇ ಬರುತ್ತೇನೆ, ದಾರಿಯಲ್ಲೇ ಎರಡೂ ಕಾಗದ ಕೈಗಿಡುತ್ತೇನೆ ಅಂದ. “ಒಂದು ಬೆಳಿಗ್ಗೆ ಹಿಡ್ಕೋ ಭಾಯಿ,” ಅಂದ. “ಕಾರು ಬರೋತನಕ ಮಶೀನ್ ಬಿಡಬೇಡ.”

ಹಲಗೆ ಬಡಿದದ್ದು ಪಟೇಲನ ಕಿವಿಗೆ ಬಿತ್ತು. ಅಪ್ಪ ಅಂತ ಹಿತ್ತಾಳೆಯಲ್ಲಿ ಕೆತ್ತಿದೆಯಂತೆ ಅನ್ನುವುದೂ ಬಿತ್ತು.

ಗುರುವಾರ ಹೊತ್ತು ಮಾರುದ್ದ ಏರುವಾಗ ನಂದೀಶ್ವರಯ್ಯ ಏಳು ಆಳು ಕರೆದುಕೊಂಡು ಬಂದ. ಕೊಡಲಿ, ದೊಣ್ಣೆ, ಹಾರೆ. ಹಲಗೆ ಕೀಳಬೇಕು, ಗಂಡಹೆಂಡಿರನ್ನು ಕಾರು ಬರುವ ಮುಂಚೆ ಕಣ್ಮರೆ ಮಾಡಬೇಕು, ಯಂತ್ರಕ್ಕೆ ಏಟು ಬೀಳಬಾರದು. ಅಷ್ಟು ಹುಕುಂ. ವಿಮಾನವನ್ನು ಗುಡಿಸಲಿನಿಂದ ಈಚೆ ತಂದು, ಗಾಲಿಗೆ ದಪ್ಪ ಕಲ್ಲು ಕೊಟ್ಟು ನಿಲ್ಲಿಸಿಯಾಗಿತ್ತು. ಮೊದಲನೇ ಆಳು ಹಾರೆ ಹಾಕಿ ಹಲಗೆ ಎಬ್ಬಿಸಿದ. ಹಲಗೆಯ ಜೊತೆ ಮೊಳದಷ್ಟು ಬಟ್ಟೆಯೂ ಹರಿದು ಬಂತು. ತಿಂಗಳುಗಟ್ಟಲೆ ಹೊಲಿದ ಬಟ್ಟೆ. ಹನುಮಕ್ಕ ಕೈಯಲ್ಲಿದ್ದ ದಬ್ಬಳವನ್ನು ಅವನ ತೊಡೆಗೆ ಅರ್ಧದವರೆಗೆ ಚುಚ್ಚಿ ತಿರುವಿದಳು. ಅವನು ಕೂಗಿಕೊಂಡು ಕೂತ. ಇನ್ನೊಬ್ಬ ಅವಳ ಜುಟ್ಟು ಹಿಡಿದು ಎಳೆದ, ಮತ್ತೊಬ್ಬ ಹೊಟ್ಟೆಗೆ ಒದ್ದ. ಅವಳು ಎಳೆದವನ ಮುಂಗೈ ಕಚ್ಚಿದಳು. ಚರ್ಮ ಕಿತ್ತು ಬರುವವರೆಗೆ ಬಿಡಲಿಲ್ಲ. “ಇಂಕ ಚಾಲು,” ಅಂದಳು, ಬಾಯಲ್ಲಿ ಅವನ ರಕ್ತ ಇಟ್ಟುಕೊಂಡು. ಇನ್ನು ಸಾಕು. ಸಿಟ್ಟು ಬಂದಾಗ ಅವಳಿಗೆ ತವರಿನ ತೆಲುಗೇ ಬರುತ್ತಿದ್ದದ್ದು.

ದೂರದಲ್ಲಿ, ಶಿರಾ ದಾರಿಯಲ್ಲಿ, ಧೂಳು ಎದ್ದಿತ್ತು. ಕಾರಿನ ಧೂಳು. ಇನ್ನು ಅರ್ಧ ಹರದಾರಿ. ಮೂಡಲಗಿರಿಯಪ್ಪನ ತಲೆಗೆ ಹೊಳೆದದ್ದು ಒಂದೇ. ಎಂಜಿನ್ನು ಓಡುತ್ತಿದ್ದರೆ ಯಾರೂ ಹತ್ತಿರ ಬರುವುದಿಲ್ಲ. ಕಾರು ಬರುವವರೆಗೆ ಅಷ್ಟೇ. ದೊಣ್ಣೆ ಏಟು ಭುಜಕ್ಕೆ ಬಿದ್ದರೂ ಸೀಟಿಗೆ ಹತ್ತಿ, ಪೆಟ್ರೋಲು ಬಿಟ್ಟು, ಕೂಗಿದ. ಹನುಮಕ್ಕ ಜುಟ್ಟು ಬಿಡಿಸಿಕೊಂಡು ಓಡಿ ಪಂಖದ ರೆಕ್ಕೆ ಹಿಡಿದು ಕೆಳಕ್ಕೆ ಜಗ್ಗಿ ಪಕ್ಕಕ್ಕೆ ಜಿಗಿದಳು. ನೂರು ಸಲ ಮಾಡಿದ್ದ ಕೆಲಸ. ಎಂಜಿನ್ನು ಕೆಮ್ಮಿತು, ಹಿಡಿಯಿತು. ಧೂಳು, ಹೊಗೆ, ಕಿವಿ ಒಡೆಯುವ ಸದ್ದು. ಆಳುಗಳು ಹಿಂದಕ್ಕೆ ಓಡಿದರು.

ನಂದೀಶ್ವರಯ್ಯ ಓಡಲಿಲ್ಲ. ಅವನು ದನಕರು ಪಳಗಿಸಿದ ಮನುಷ್ಯ. ಕೊಬ್ಬಿದ ಹೋರಿ ಗುಟುರು ಹಾಕಿದರೆ ಹಿಂದೆ ಸರಿಯಬಾರದು, ಎದುರಿಗೆ ನುಗ್ಗಿ ಮೂಗುದಾರಕ್ಕೆ ಕೈ ಹಾಕಬೇಕು. ಅವನ ಕೈಗೆ ಗೊತ್ತಿದ್ದದ್ದು ಅಷ್ಟೇ. ಪಂಖ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಯಂತ್ರದ ಮೂತಿ ಬರಿದಾಗಿ ಕಾಣುತ್ತದೆ. ಅವನು ಆ ಬರಿದಿಗೆ ಕೈ ಹಾಕಿದ.

ಮೂಡಲಗಿರಿಯಪ್ಪ ಬರಬ್ಯಾಡಿ ಅಂತ ಕೂಗಿದ್ದ. ಎರಡು ಸಲ ಕೂಗಿದ್ದ. ಎಂಜಿನ್ನು ಮಾತ್ರ ಆರಿಸಲಿಲ್ಲ. ಆರಿಸಬಹುದಿತ್ತು. ಕೈ ಕೀಲಿಯ ಮೇಲೇ ಇತ್ತು. ಅವನು ಆಮೇಲೆ ಯಾರ ಹತ್ತಿರವೂ ಅದನ್ನು ಮುಚ್ಚಿಡಲಿಲ್ಲ.

ನಂದೀಶ್ವರಯ್ಯನ ಬಲಗೈ ಮುಂಗೈಯಿಂದ ಆಚೆಗೆ ಹೋಯಿತು. ರಕ್ತ ಸೀಟಿನವರೆಗೆ ಎರಚಿತು. ಮೂಳೆಗೆ ಬಡಿದ ಪಂಖ ಎರಡು ಸೀಳಾಗಿ ಹಾರಿ, ಎಂಜಿನ್ನು ಒದರಾಡಿ ನಿಂತಿತು. ಅಲ್ಲಿಗೆ ವಿಮಾನದ ಆಯಸ್ಸೂ ಮುಗಿಯಿತು. ಪಟೇಲ ಅಷ್ಟರಲ್ಲಿ ಏರಿಯ ಮೇಲೆ ಬಂದಿದ್ದ. ಭಾವಮೈದನ ಮೊಂಡುಗೈ ನೋಡಿ, ಸುಡ್ರೋ ಅಂದ. ಆಳುಗಳು ಮೂಡಲಗಿರಿಯಪ್ಪನನ್ನು ಸೀಟಿನಿಂದ ಎಳೆದು, ತುಟಿ ಒಡೆಯುವ ಹಾಗೆ ನೆಲಕ್ಕೆ ಕೆಡವಿ, ಬಲಗೈಯನ್ನು ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಜಜ್ಜಿದರು. ಕೈಗೆ ಕೈ. ಹೊಲಿಯುವ ಕೈ. ರೆಕ್ಕೆಗೆ ಪೆಟ್ರೋಲು ಸುರಿದು ಕಡ್ಡಿ ಗೀರಿದರು. ಹುಣಸೆ ಸರಿ ಹಚ್ಚಿದ ಬಟ್ಟೆ ಒಂದೇ ಉಸಿರಿಗೆ ಹೊತ್ತಿತು. ಒಂದೂವರೆ ವರ್ಷ ಹೊಲಿದದ್ದು ಕವಳ ಅಗಿಯುವಷ್ಟು ಹೊತ್ತಿನಲ್ಲಿ ಬೂದಿಯಾಯಿತು. ಹನುಮಕ್ಕ ಎದೆ ಬಡಿದುಕೊಂಡು ಅತ್ತಳು. ಅಳದೆ ಇನ್ನೇನು ಮಾಡಬೇಕಿತ್ತು?

ಕಾರು ಬಂತು. ಇನ್ಸ್‌ಪೆಕ್ಟರು, ನಬೀ ಸಾಬ್, ಬಂದೋಬಸ್ತಿಗೆ ಅಂತ ಜೊತೆಯಲ್ಲಿ ಕಳಿಸಿದ್ದ ಪೊಲೀಸ್ ದಫೇದಾರ, ಇಬ್ಬರು ಪೇದೆಗಳು. ಉರಿಯುತ್ತಿದ್ದ ಅಸ್ಥಿಪಂಜರ, ಟವಲಿನಲ್ಲಿ ಸುತ್ತಿದ ಮೊಂಡುಗೈ, ಬೇವಿನ ಮರಕ್ಕೆ ಕಟ್ಟಿಹಾಕಿದ ಮನುಷ್ಯ, ಇಷ್ಟು ಕಂಡಿತು ಅವರಿಗೆ. ನಂದೀಶ್ವರಯ್ಯನನ್ನು ಅದೇ ಕಾರಿನಲ್ಲಿ ಶಿರಾ ಆಸ್ಪತ್ರೆಗೆ ಸಾಗಿಸಿದರು. ಶಾನುಭೋಗ ಕಾಗದದ ಪೆಟ್ಟಿಗೆ ತಂದು ಏರಿಯ ಕಲ್ಲಿನ ಮೇಲೆ ಕೂತ. ಕೇರಿಯವರು ಬುಟ್ಟಿ ಕೆಳಗಿಟ್ಟು ಸುತ್ತ ನಿಂತರು.

ಇನ್ಸ್‌ಪೆಕ್ಟರಿಗೆ ಕನ್ನಡ ಬರದು. ಅವನು ಹಿಂದೂಸ್ತಾನಿಯಲ್ಲಿ ಕೇಳಿದ, ನಬೀ ಸಾಬ್ ಕನ್ನಡ ಮಾಡಿದ. ನಂಬರಿಲ್ಲದ ವಿಮಾನದ ಎಂಜಿನ್ನು ಓಡಿದೆ, ಒಬ್ಬನ ಕೈ ಹೋಗಿದೆ. ಇದಕ್ಕೆ ಜವಾಬು ಮಾಲೀಕನದು. ಜೈಲು ಆಗಬಹುದು. ಅರ್ಜಿಯಲ್ಲಿ ಮಾಲೀಕ ಪಟೇಲ್ ಶಂಕರಲಿಂಗಪ್ಪ ಅಂತಿದೆ. ತಾವೇ ತಾನೆ?

ಪಟೇಲನ ಮುಖದ ಬಣ್ಣ ಹೋಯಿತು. ನನ್ನದಲ್ಲ ಅಂದ. ಅವನದು ಅಂತ ಮರದ ಕಡೆ ಗದ್ದ ಎತ್ತಿದ. ಅವನು ಅಂದರೆ ಯಾರು ಅಂದ ದಫೇದಾರ. ಮೂಡ್ಲ ಅಂದ ಪಟೇಲ. ಇನ್ಸ್‌ಪೆಕ್ಟರು ಕಾಗದ ತಿರುವಿದ. ಎಂಜಿನ್ನಿನ ರಶೀದಿ ಮೂಡಲಗಿರಿಯಪ್ಪನ ಹೆಸರಿನಲ್ಲಿದೆ, ಆ ಹೆಸರಿನ ಆಸಾಮಿ ಇಲ್ಲವೆಂದು ಈ ಶಾನುಭೋಗರೇ ಬರೆದಿದ್ದಾರೆ. ಇಲ್ಲದವನ ಮೇಲೆ ಮೊಕದ್ದಮೆ ಹಾಕಲು ಬರುವುದಿಲ್ಲ. ಅವನು ಇಲ್ಲವೆಂದಾದರೆ ಅರ್ಜಿ ಹಾಕಿದ ತಾವೇ ಮಾಲೀಕರು, ತಾವೇ ನಡೆಯಿರಿ.

ಶಾನುಭೋಗ ತಲೆ ಎತ್ತಿ ಪಟೇಲನ ಕಡೆ ನೋಡಿದ. ಪಟೇಲ ಅವನ ಕಿವಿಯಲ್ಲಿ ಏನೋ ಅಂದ. ಶಾನುಭೋಗ ಹೊಸ ಹಾಳೆ ತೆಗೆದು ಬರೆದ. ಹೇಳಿಕೆ ಕೊಡುವವನು ಬಾಯಿಬಿಟ್ಟು ಹೇಳಬೇಕು ಅಂದ ದಫೇದಾರ. ಪಟೇಲ ಕೆಮ್ಮಿದ, ಉಗುಳಿದ, ಕೇರಿಯವರನ್ನು ದೂರ ಕಳಿಸಿ ಅಂದ. ದಫೇದಾರ ಕಳಿಸಲಿಲ್ಲ.

“ಸದರಿ ಯಂತ್ರ ಮಾಡ್ದೋನೂ ಅದರ ಮಾಲೀಕನೂ,” ಅಂದ ಪಟೇಲ, “ಇದೇ ಊರಿನ ಮೂಡಲಗಿರಿ... ಮೂಡಲಗಿರಿಯಪ್ಪ.”

ಕೇರಿಯ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಮ್ಮುವ ಮುದುಕ ಅಳುತ್ತಿದ್ದ. ಪೇದೆಗಳು ಮೂಡಲಗಿರಿಯಪ್ಪನ ಕಟ್ಟು ಬಿಚ್ಚಿ ಕರೆತಂದರು. ಬಲಗೈ ಚೀಲದ ಹಾಗೆ ನೇತಾಡುತ್ತಿತ್ತು. ಶಾನುಭೋಗ ಹೆಬ್ಬೆಟ್ಟಿಗೆ ಮಸಿ ಮುಂದೆ ಮಾಡಿದ. ಅವನು ಲೇಖನಿ ಕೇಳಿದ. ಎಡಗೈಯಲ್ಲಿ, ಒಂದೊಂದೇ ಅಕ್ಷರ, ಪೂರ್ತಿ ಬರೆದ. ದಫೇದಾರ ಸೊಂಟದಿಂದ ಬೇಡಿ ಈಚೆ ತೆಗೆದ. ಮಧುಗಿರಿ ಕೋರ್ಟಿಗೆ ಕಳಿಸುತ್ತೇವೆ, ಏನಾದರೂ ಹೇಳುವುದಿದೆಯೇ ಅಂದ.

“ಐತೆ,” ಅಂದ ಮೂಡಲಗಿರಿಯಪ್ಪ. ಒಡೆದ ತುಟಿಯಿಂದ ರಕ್ತ ಉಗುಳಿದ. “ನಾನು ಇವ್ನಿ ಅಂತ ಇವ್ರೇ ಹೇಳವ್ರೆ. ಮಾಲೀಕ ನಾನೇ ಅಂತ ಇವ್ರೇ ಬರದವ್ರೆ. ಈಗ ಆ ಮಾಲೀಕನ ದೂರು ಬರ್ಕಳಿ. ನನ್ನ ವಿಮಾನ ಸುಟ್ರು. ನನ್ನ ಕೈ ಜಜ್ಜಿದ್ರು. ನನ್ನ ಹೆಂಡ್ತಿ ಹೊಟ್ಟೆಗೆ ಒದ್ರು. ಸುಡ್ಸಿದೋನ ಹೆಸ್ರು ಹೇಳ್ತೀನಿ.”

ಪಟೇಲ ಒಂದು ಹೆಜ್ಜೆ ಮುಂದೆ ಬಂದ. ಪೇದೆ ಅಡ್ಡ ನಿಂತ. ನಬೀ ಸಾಬ್ ಅಷ್ಟನ್ನೂ ಇನ್ಸ್‌ಪೆಕ್ಟರಿಗೆ ಹೇಳಿದ. ಇನ್ಸ್‌ಪೆಕ್ಟರು ಬೂದಿಯನ್ನು ಒಮ್ಮೆ ನೋಡಿ, ಬರೆದುಕೊಳ್ಳಿ ಅಂದ. ದಫೇದಾರ ಹೆಸರು ಕೇಳಿದ.

“ಶಂಕರ್ಲಿಂಗ.”

“ಪೂರ್ತಿ ಹೆಸರು ಹೇಳಯ್ಯ.”

“ಪೂರ್ತಿ ಅಷ್ಟೇ,” ಅಂದ ಮೂಡಲಗಿರಿಯಪ್ಪ.

ಶಾನುಭೋಗನ ಲೇಖನಿ ಹಾಳೆಯ ಮೇಲೆ ನಿಂತುಬಿಟ್ಟಿತು. ಅವನು ಪಟೇಲನ ಮುಖ ನೋಡಿದ, ದಫೇದಾರನ ಮುಖ ನೋಡಿದ. ಹನುಮಕ್ಕ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಹತ್ತಿರಕ್ಕೆ, ಅವನ ನೆರಳಿನ ಮೇಲಕ್ಕೇ, ಬಂದು ನಿಂತಳು.

“ಬರಿ,” ಅಂದಳು.